ಪಿಎಚ್‌ಡಿಗೆ ಸೇರಿದ್ದೀರಾ? ಓದು ಮುಗಿಯಲಿ ಅಂತ ಕಾಯಬೇಡಿ

ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಮಾನವಶಾಸ್ತ್ರ, ಇವುಗಳಲ್ಲಿ ಯಾವುದರಲ್ಲಿ ಸಂಶೋಧನೆಗೆ ಸೇರಿದರೂ ಮೊದಲ ಕೆಲವು ವಾರಗಳಲ್ಲೇ ಒಂದು ವಿಷಯ ಅರಿವಿಗೆ ಬರುತ್ತದೆ. ಬೆಳಿಗ್ಗೆ ಎದ್ದರೆ ಎಲ್ಲಿಗೂ ಹೋಗಲೇಬೇಕು ಅಂತಿಲ್ಲ. ವಿಜ್ಞಾನದವರಿಗೆ ಲ್ಯಾಬ್ ಇದೆ, ಅಲ್ಲಿ ಸೀನಿಯರ್‌ಗಳಿದ್ದಾರೆ, ನಿನ್ನೆ ಯಾಕೆ ಬರಲಿಲ್ಲ ಅಂತ ಕೇಳುವವರಿದ್ದಾರೆ. ನಮ್ಮನ್ನು ಯಾರೂ ಕೇಳುವುದಿಲ್ಲ. ಮೊದಮೊದಲು ಹಾಯಾಗಿರುತ್ತದೆ. ಆಮೇಲೆ ಅದೇ ಕುತ್ತಿಗೆಗೆ ಬರುತ್ತದೆ. ಎಲ್ಲಿಗೆ ಬಂತು ಥೀಸಿಸ್ ಅಂತ ಯಾರಾದರೂ ಕೇಳಿದರೆ "ಓದ್ತಾ ಇದ್ದೀನಿ" ಅನ್ನುತ್ತೇವೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಈ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವವರು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಅವರಲ್ಲಿ ತುಂಬಾ ಜನ, ಮೊದಲು ಎಲ್ಲ ಓದಿಬಿಡೋಣ, ಆಮೇಲೆ ಬರೆಯೋಣ ಅಂದುಕೊಂಡವರು. ಓದು ಮುಗಿಯುವುದೇ ಇಲ್ಲ. ಒಂದು ಪುಸ್ತಕದ ಕೊನೆಯಲ್ಲಿ ಇನ್ನೂ ಇಪ್ಪತ್ತು ಪುಸ್ತಕದ ಹೆಸರು ಇರುತ್ತದೆ. ಹಾಗಾಗಿ ಕೆಳಗಿನ ಹಂತಗಳಲ್ಲಿ ಪ್ರತಿಯೊಂದರಲ್ಲೂ ಏನನ್ನಾದರೂ ಬರೆಯಲು ಹೇಳುತ್ತೇನೆ. ಬೇಜಾರಾಗಬೇಡಿ.

1. ಟಾಪಿಕ್ಕನ್ನು ಪ್ರಶ್ನೆ ಮಾಡಿಕೊಳ್ಳಿ

ಅರ್ಜಿ ಹಾಕುವಾಗ ಕೊಟ್ಟ ಟಾಪಿಕ್ ಸಾಮಾನ್ಯವಾಗಿ ತೀರಾ ಅಗಲ ಇರುತ್ತದೆ. "ವಲಸೆ ಮತ್ತು ಮಹಿಳೆ: ಒಂದು ಅಧ್ಯಯನ" ಅನ್ನುವ ಥರ. ಇದನ್ನು ಇಟ್ಟುಕೊಂಡು ಯಾವ ಪುಸ್ತಕ ಓದಬೇಕು, ಯಾವುದನ್ನು ಬಿಡಬೇಕು ಅಂತ ಹೇಳಲು ಆಗುವುದಿಲ್ಲ. ಎಲ್ಲವೂ ಬೇಕು ಅನ್ನಿಸುತ್ತದೆ.

ಒಂದು ಹಾಳೆ ತೆಗೆದುಕೊಂಡು ನಿಮ್ಮನ್ನು ನೀವೇ ಕೆಣಕುತ್ತಾ ಹೋಗಿ. ವಲಸೆ ಹೋದ ಯಾವ ಹೆಂಗಸರು? ಮನೆಗೆಲಸಕ್ಕೆ ಹೋದವರು. ಅವರ ಬಗ್ಗೆ ಏನು ತಿಳಿಯಬೇಕು? ಅವರು ಮನೆಗೆ ಕಳಿಸುವ ದುಡ್ಡು. ದುಡ್ಡಿನ ಬಗ್ಗೆ ಏನು? ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ತೀರ್ಮಾನಿಸುವವರು ಯಾರು, ದುಡಿದವಳೋ, ಮನೆಯಲ್ಲಿರುವ ಗಂಡನೋ, ಅತ್ತೆಯೋ? ಈಗ ಬಂತು ನೋಡಿ ಪ್ರಶ್ನೆ. ಯಾರನ್ನು ಮಾತಾಡಿಸಬೇಕು, ಯಾವ ದಾಖಲೆ ಹುಡುಕಬೇಕು ಅನ್ನುವುದು ಆ ಪ್ರಶ್ನೆಯ ಒಳಗೇ ಇದೆ. ಸಾಹಿತ್ಯದವರಿಗೂ ಇಷ್ಟೇ. "ಕಾದಂಬರಿಯಲ್ಲಿ ನಗರ" ಅನ್ನುವುದು ಟಾಪಿಕ್. ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಪುಸ್ತಕವಾಗುವಾಗ ನಗರದ ಯಾವ ಭಾಗಗಳು ಬಿದ್ದುಹೋದವು, ಯಾಕೆ ಅನ್ನುವುದು ಪ್ರಶ್ನೆ.

ಪ್ರಶ್ನೆ ಸರಿಯಾಗಿದೆಯೇ ಅಂತ ನೋಡಲು ನಾನು ಕೇಳಿಕೊಳ್ಳುವುದು ಒಂದೇ ಮಾತು: ಇದರ ಉತ್ತರ ನಾನು ಅಂದುಕೊಂಡದ್ದಕ್ಕೆ ಉಲ್ಟಾ ಬರಬಹುದೇ? ಬರಲು ಸಾಧ್ಯವೇ ಇಲ್ಲ ಅಂದರೆ ಅದು ಪ್ರಶ್ನೆಯಲ್ಲ, ಭಾಷಣ. "ಮಹಿಳೆಯರ ಶೋಷಣೆ ನಡೆಯುತ್ತಿದೆಯೇ" ಅಂತ ಶುರು ಮಾಡಿದರೆ ಹೌದು ಅಂತ ಮೊದಲೇ ಗೊತ್ತಿರುತ್ತದೆ. ನಾಲ್ಕು ವರ್ಷ ಕಳೆದು ಹೌದು ಅಂತ ಬರೆಯುವುದರಲ್ಲಿ ಏನಿದೆ?

ಆಮೇಲೆ ಕೈಗೆಟುಕುತ್ತದೆಯೇ ನೋಡಿ. ಆ ಕಡತಗಳು ತೆರೆದಿವೆಯೇ, ಆ ಭಾಷೆ ನಿಮಗೆ ಬರುತ್ತದೆಯೇ, ಅಲ್ಲಿ ಹೋಗಿ ಇರಲು ದುಡ್ಡಿದೆಯೇ. ಪ್ರಶ್ನೆ ಎಷ್ಟೇ ಚೆನ್ನಾಗಿರಲಿ, ದಾಖಲೆ ಸಿಗದಿದ್ದರೆ ಬದಲಾಯಿಸಿ. ಮೊದಲ ವರ್ಷದಲ್ಲಿ ಬದಲಾಯಿಸುವುದಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಒಂದು ಸ್ಪರ್ಧೆ ಶುರು ಮಾಡಿತು. ಸಂಶೋಧಕರು ತಮ್ಮ ಥೀಸಿಸ್ ಅನ್ನು 3 ನಿಮಿಷದಲ್ಲಿ, ಒಂದೇ ಒಂದು ಸ್ಲೈಡ್ ಇಟ್ಟುಕೊಂಡು, ಆ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ಈಗ ಅದು ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಸ್ಪರ್ಧೆಗೆ ಹೋಗುತ್ತೀರೋ ಬಿಡುತ್ತೀರೋ, ಆರು ತಿಂಗಳಿಗೊಮ್ಮೆ ಆ 3 ನಿಮಿಷದ ಮಾತನ್ನು ಬರೆದು ದಿನಾಂಕ ಹಾಕಿಡಿ. ಹಿಂದಿನದರ ಜೊತೆ ಹೋಲಿಸಿ ನೋಡಿದರೆ ಮುಂದೆ ಹೋಗುತ್ತಿದ್ದೀರೋ ಸುತ್ತುತ್ತಿದ್ದೀರೋ ಗೊತ್ತಾಗುತ್ತದೆ.

2. ಓದಿದ ದಿನವೇ ಬರೆಯಿರಿ

ಪುಸ್ತಕದಲ್ಲಿ ಗೆರೆ ಎಳೆಯುವುದು ನೋಟ್ಸ್ ಅಲ್ಲ. ಪಿಡಿಎಫ್ ಇಳಿಸಿಕೊಳ್ಳುವುದಂತೂ ಓದೇ ಅಲ್ಲ (ನಮ್ಮೆಲ್ಲರ ಲ್ಯಾಪ್‌ಟಾಪಿನಲ್ಲೂ "ಓದಬೇಕಾದ್ದು" ಅನ್ನುವ ಒಂದು ಫೋಲ್ಡರ್ ಇರುತ್ತದೆ, ಅದರ ಬಗ್ಗೆ ಮಾತಾಡುವುದು ಬೇಡ). ಒಂದು ಲೇಖನ ಓದಿ ಮುಗಿಸಿದ ತಕ್ಷಣ, ಅದನ್ನು ಮುಚ್ಚಿಟ್ಟು, ನಿಮ್ಮ ಮಾತಿನಲ್ಲಿ ನಾಲ್ಕೈದು ಸಾಲು ಬರೆಯಿರಿ. ಹೀಗೆ:

"ಹೇಳುವುದು: ದುಡ್ಡು ಕಳಿಸುವ ಹೆಂಗಸಿನ ಮಾತು ಮನೆಯಲ್ಲಿ ನಡೆಯುತ್ತದೆ. ಆಧಾರ: ಮನೆಮನೆ ಸರ್ವೆ, ಆದರೆ ಉತ್ತರ ಕೊಟ್ಟವರು ಮನೆಯ ಯಜಮಾನರು ಮಾತ್ರ. ನನ್ನ ತಕರಾರು: ಗಂಡನನ್ನು ಕೇಳಿದರೆ ಹೆಂಡತಿಯ ಮಾತು ನಡೆಯುತ್ತೋ ಇಲ್ಲವೋ ಹೇಗೆ ಗೊತ್ತಾಗುತ್ತೆ? ಎಲ್ಲಿ ಬೇಕು: ಎರಡನೇ ಚಾಪ್ಟರ್, ವಿಧಾನ ಹೇಳುವಲ್ಲಿ. ಪುಟ 14, 22."

ಇದರಲ್ಲಿ ಬೆಲೆ ಇರುವುದು "ನನ್ನ ತಕರಾರು" ಅನ್ನುವ ಸಾಲಿಗೆ. ಆ ಸಾಲು ಸ್ವಲ್ಪ ತಿದ್ದಿದರೆ ನೇರ ಥೀಸಿಸ್‌ಗೆ ಹೋಗುತ್ತದೆ. ಇಂಥ ಐವತ್ತು ತಕರಾರು ಸೇರಿದರೆ ಲಿಟರೇಚರ್ ರಿವ್ಯೂ (ಆ ವಿಷಯದಲ್ಲಿ ಈಗಾಗಲೇ ಬಂದಿರುವ ಬರಹಗಳ ವಿಮರ್ಶೆ) ಅರ್ಧ ಆದ ಹಾಗೆ. ಇಲ್ಲದಿದ್ದರೆ ಅದು "ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ" ಅನ್ನುವ ಪಟ್ಟಿಯಾಗಿ ಉಳಿಯುತ್ತದೆ. ಪರೀಕ್ಷಕರು ಅಂಥದ್ದನ್ನು ಮೊದಲ ಪುಟದಲ್ಲೇ ಗುರುತಿಸುತ್ತಾರೆ.

ಬೇರೆಯವರ ಮಾತನ್ನು ಹಾಗೇ ಇಳಿಸಿಕೊಂಡರೆ ಆಗಲೇ ಉದ್ಧರಣ ಚಿಹ್ನೆ ಹಾಕಿ, ಆಗಲೇ ಪುಟದ ನಂಬರ್ ಹಾಕಿ. ಆಮೇಲೆ ಹಾಕೋಣ ಅಂದರೆ ಎರಡು ವರ್ಷದ ಮೇಲೆ ಆ ಸಾಲು ನಿಮ್ಮದೋ ಅವರದೋ ನಿಮಗೇ ಗೊತ್ತಾಗುವುದಿಲ್ಲ. ಕೃತಿಚೌರ್ಯದ ಆರೋಪ ಕದಿಯಲು ಹೊರಟವರ ಮೇಲೆ ಮಾತ್ರ ಬರುವುದಿಲ್ಲ, ನೋಟ್ಸ್ ಸರಿಯಾಗಿ ಇಡದವರ ಮೇಲೂ ಬರುತ್ತದೆ.

ಪುಸ್ತಕ, ಲೇಖನಗಳ ವಿವರ ಇಡಲು ಜೊಟೆರೊ ಅನ್ನುವ ಸಾಫ್ಟ್‌ವೇರ್ ಸಾಕು. ಉಚಿತ, 2006ರಿಂದ ಇದೆ, ಫುಟ್‌ನೋಟನ್ನೂ ಗ್ರಂಥಸೂಚಿಯನ್ನೂ ತಾನೇ ಜೋಡಿಸಿಕೊಡುತ್ತದೆ. ಅದಕ್ಕಿಂತ ಒಳ್ಳೆಯದು ಯಾವುದು ಅಂತ ಹುಡುಕುತ್ತಾ ವಾರ ಕಳೆಯಬೇಡಿ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲುಹ್‌ಮನ್ ಸುಮಾರು 90,000 ಚೀಟಿಗಳಲ್ಲಿ ನೋಟ್ಸ್ ಇಟ್ಟಿದ್ದ, ಆ ಪೆಟ್ಟಿಗೆಯ ಕಥೆ ಕೇಳಿ ಅದೇ ಥರ ಮಾಡಲು ಹೊರಟವರು ತುಂಬಾ ಜನ ಇದ್ದಾರೆ. ಅವನು ಆ ಚೀಟಿಗಳಿಂದ ರಾಶಿ ರಾಶಿ ಪುಸ್ತಕ ಬರೆದ. ನಾವು ಚೀಟಿಗೆ ಬಣ್ಣ ಹಚ್ಚುತ್ತಾ ಕೂರುತ್ತೇವೆ, ಅಷ್ಟೇ ವ್ಯತ್ಯಾಸ.

ಚಾಟ್‌ಜಿಪಿಟಿಯಂಥ ಸಾಧನಗಳ ಬಗ್ಗೆ ಒಂದೇ ಮಾತು. ಇಲ್ಲದ ಲೇಖನವನ್ನು ಲೇಖಕರ ಹೆಸರು, ವರ್ಷ, ಪುಟ ಸಮೇತ ಹುಟ್ಟಿಸಿ ಕೊಡುವುದು ಅವುಗಳಿಗೆ ನೀರು ಕುಡಿದಷ್ಟು ಸುಲಭ. ಕಣ್ಣಾರೆ ತೆರೆದು ನೋಡದ ಯಾವ ಲೇಖನವೂ ನಿಮ್ಮ ಗ್ರಂಥಸೂಚಿಯಲ್ಲಿ ಇರಬಾರದು.

ಹಾಗಾದರೆ ಓದು ಯಾವಾಗ ನಿಲ್ಲಿಸಬೇಕು? ಹೊಸ ಲೇಖನ ತೆರೆದಾಗ ಅದರ ಫುಟ್‌ನೋಟ್‌ಗಳಲ್ಲಿ ಇರುವವರೆಲ್ಲ ನಿಮಗೆ ಪರಿಚಯದವರೇ ಆಗಿದ್ದರೆ ಸದ್ಯಕ್ಕೆ ಸಾಕು. ಉಳಿದದ್ದನ್ನು ಬರೆಯುತ್ತಾ ಓದಬಹುದು.

3. ಗೈಡ್ ಹತ್ತಿರ ಬರಿಗೈಯಲ್ಲಿ ಹೋಗಬೇಡಿ

ಗೈಡ್ ಜೊತೆಗಿನ ತಕರಾರುಗಳಲ್ಲಿ ಎಷ್ಟೋ ಹುಟ್ಟುವುದು ಹೀಗೆ: ನಾವು "ಏನಾದರೂ ಹೇಳಲಿ" ಅಂತ ಕಾಯುತ್ತೇವೆ, ಅವರು "ಏನಾದರೂ ತರಲಿ" ಅಂತ ಕಾಯುತ್ತಾರೆ. ಹೀಗೇ ತಿಂಗಳುಗಳು ಕಳೆಯುತ್ತವೆ. ಆಮೇಲೆ ಮುಖ ತೋರಿಸಲು ನಾಚಿಕೆಯಾಗಿ ಕಾರಿಡಾರಿನಲ್ಲಿ ತಪ್ಪಿಸಿಕೊಂಡು ಓಡಾಡುವ ಸ್ಥಿತಿ ಬರುತ್ತದೆ.

ಭೇಟಿಗೆ ಮೂರ್ನಾಲ್ಕು ದಿನ ಮೊದಲು ಕೆಲವು ಪುಟ ಕಳಿಸಿ, ಜೊತೆಗೆ ಒಂದು ಪುಟ್ಟ ಮೇಲ್:

"ಮೇಡಂ, ನಮಸ್ಕಾರ. ಎರಡನೇ ಚಾಪ್ಟರಿನ ಮೊದಲ 8 ಪುಟ ಇದರ ಜೊತೆಗಿದೆ. ಭಾಷೆ ಇನ್ನೂ ತಿದ್ದಿಲ್ಲ, ಅದನ್ನು ಈಗ ನೋಡುವುದು ಬೇಡ. ನನಗೆ ಅನುಮಾನ ಇರುವುದು ಎರಡು ಕಡೆ. 3ನೇ ಪುಟದ ವಾದಕ್ಕೆ ಈ ಆಧಾರ ಸಾಕೇ? 6ನೇ ಪುಟದಲ್ಲಿ ಹಳೆಯ ಸರ್ವೆಗಳ ಚರ್ಚೆ ಬೇಕೇ, ಬಿಡಲೇ? ಗುರುವಾರ ಅಥವಾ ಶುಕ್ರವಾರ ಅರ್ಧ ಗಂಟೆ ಸಿಗಬಹುದೇ?"

ಯಾವುದನ್ನು ನೋಡಬೇಡಿ ಅಂತ ಹೇಳುವುದು ತುಂಬಾ ಮುಖ್ಯ. ಇಲ್ಲದಿದ್ದರೆ ಅರ್ಧ ಗಂಟೆಯೂ ಅಲ್ಪವಿರಾಮ ತಿದ್ದುವುದರಲ್ಲೇ ಮುಗಿಯುತ್ತದೆ. ಭೇಟಿ ಮುಗಿದ ಸಂಜೆ, ಏನು ಮಾತಾಯಿತು, ನೀವೇನು ಮಾಡಲು ಒಪ್ಪಿದಿರಿ, ಯಾವಾಗ ಕೊಡುತ್ತೀರಿ ಅಂತ ನಾಲ್ಕು ಸಾಲು ಬರೆದು ಅವರಿಗೇ ಕಳಿಸಿ. ಒಂದು ವರ್ಷದ ಮೇಲೆ "ಇದನ್ನು ಯಾರು ಮಾಡು ಅಂದರು?" ಅಂತ ಕೇಳಿದರೆ ಆ ಮೇಲ್ ಇರುತ್ತದೆ. ಅವರು ನಿಜವಾಗಲೂ ಮರೆತಿರುತ್ತಾರೆ, ಪಾಪ. ಅವರಿಗೂ ಏಳೆಂಟು ಜನ ಸ್ಕಾಲರ್‌ಗಳಿರುತ್ತಾರೆ.

ಅವರು ಹೇಳಿದ್ದು ಒಪ್ಪಿಗೆಯಾಗದಿದ್ದರೆ "ಹೌದು ಮೇಡಂ" ಅಂದು ಬಂದು ಸುಮ್ನೆ ಮಾಡದೇ ಇರುವುದು ಅತಿ ಕೆಟ್ಟ ದಾರಿ. ಎರಡು ವಾರ ಅವರು ಹೇಳಿದ ಹಾಗೆ ಬರೆದು ನೋಡಿ. ಆಗಲೂ ಸರಿ ಬರದಿದ್ದರೆ ಯಾಕೆ ಬರಲಿಲ್ಲ ಅಂತ ಪುಟ ತೋರಿಸಿ ಹೇಳಿ. ಹೆಚ್ಚಿನವರು ಒಪ್ಪುತ್ತಾರೆ.

ಇನ್ನು ಒಪ್ಪದವರೂ, ಸ್ವಂತ ಕೆಲಸ ಮಾಡಿಸಿಕೊಳ್ಳುವವರೂ, ನೀವು ಬರೆದ ಪೇಪರಿಗೆ ತಮ್ಮ ಹೆಸರು ಮೊದಲು ಹಾಕು ಅನ್ನುವವರೂ, ಅದಕ್ಕಿಂತ ಕೆಟ್ಟದಾಗಿ ನಡೆದುಕೊಳ್ಳುವವರೂ ಇದ್ದಾರೆ. ಅಂಥ ಕಡೆ ಎಲ್ಲವನ್ನೂ ಲಿಖಿತವಾಗಿ ಇಟ್ಟುಕೊಳ್ಳಿ. ವಿಭಾಗದಲ್ಲಿ ನಂಬಿಕೆಯ ಇನ್ನೊಬ್ಬರಿಗೆ ಬೇಗ ತಿಳಿಸಿ. ಗೈಡ್ ಬದಲಾಯಿಸಲು ನಿಯಮ ಏನಿದೆ ಅಂತ ಗಲಾಟೆ ಆಗುವ ಮೊದಲೇ ಓದಿಡಿ. ಬದಲಾಯಿಸುವುದೇ ಆದರೆ ಬೇಗ ಮಾಡಿ. ಸಹಿಸಿಕೊಂಡು ಮುಗಿಸಿಬಿಡೋಣ ಅನ್ನುವ ಲೆಕ್ಕ ಬಹಳ ಸಲ ತಪ್ಪುತ್ತದೆ.

4. ಫೀಲ್ಡ್ ಮತ್ತು ಆರ್ಕೈವ್

ಆರ್ಕೈವ್‌ಗೆ, ಅಂದರೆ ಹಳೆಯ ದಾಖಲೆಗಳನ್ನು ಇಟ್ಟಿರುವ ಕಡೆಗೆ, ಹೋಗುವವರು ಮೊದಲು ಅಲ್ಲಿನ ಸಿಬ್ಬಂದಿಯ ಹತ್ತಿರ ಮಾತಾಡಿ. ಸೂಚಿಯಲ್ಲಿ ಇಲ್ಲದ ಕಡತ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ. ಫೋಟೋ ತೆಗೆಯಲು ಬಿಟ್ಟರೆ ಪ್ರತಿ ಕಡತದ ಮೊದಲ ಫೋಟೋ ಅದರ ನಂಬರ್ ಇರುವ ರಟ್ಟಿನದ್ದೇ ಆಗಿರಲಿ. ಅವತ್ತೇ ಸಂಜೆ ಫೋಟೋಗಳನ್ನು ಕಡತದ ಹೆಸರಿನ ಫೋಲ್ಡರಿಗೆ ಹಾಕಿ. ನಂಬರಿಲ್ಲದ ಫೋಟೋ ಎಷ್ಟು ಒಳ್ಳೆಯ ಪುರಾವೆಯಾದರೂ ಫುಟ್‌ನೋಟಿಗೆ ಬರುವುದಿಲ್ಲ.

ಜನರ ಜೊತೆ ಕೆಲಸ ಮಾಡುವವರಿಗೆ ಇದಕ್ಕಿಂತ ಭಾರದ ವಿಷಯವಿದೆ. 1960ರ ದಶಕದಲ್ಲಿ ಅಮೆರಿಕದ ಲಾಡ್ ಹಂಫ್ರೀಸ್ ಅನ್ನುವವರು ಪಿಎಚ್‌ಡಿಗಾಗಿ ಸಾರ್ವಜನಿಕ ಶೌಚಾಲಯಗಳಲ್ಲಿ ಲೈಂಗಿಕ ಸಂಪರ್ಕಕ್ಕಾಗಿ ಗುಟ್ಟಾಗಿ ಭೇಟಿಯಾಗುತ್ತಿದ್ದ ಗಂಡಸರನ್ನು ಗಮನಿಸಿದರು. ಅವರ ಕಾರಿನ ನಂಬರ್ ಬರೆದುಕೊಂಡು ವಿಳಾಸ ಹುಡುಕಿದರು. ಒಂದು ವರ್ಷ ಬಿಟ್ಟು, ವೇಷ ಬದಲಿಸಿ, ಆರೋಗ್ಯದ ಸರ್ವೆ ಅಂತ ಹೇಳಿ ಅವರ ಮನೆಗೇ ಹೋಗಿ ಮಾತಾಡಿಸಿದರು. ಆಗ ಆ ಗುಟ್ಟು ಹೊರಬಿದ್ದಿದ್ದರೆ ಆ ಗಂಡಸರ ಕೆಲಸ, ಸಂಸಾರ ಎಲ್ಲ ಹೋಗುತ್ತಿತ್ತು. ಅದರ ಫಲಿತಾಂಶ ಆ ಜನರ ಬಗೆಗಿದ್ದ ತಪ್ಪು ಕಲ್ಪನೆಗಳನ್ನು ಒಡೆಯಿತು ಅನ್ನುವುದೂ ನಿಜ. ಆದರೂ 1970ರಲ್ಲಿ ಪುಸ್ತಕವಾಗಿ ಬಂದ ಆ ಕೆಲಸವನ್ನು ಸಂಶೋಧಕ ಏನು ಮಾಡಬಾರದು ಅನ್ನುವುದಕ್ಕೆ ಇವತ್ತಿಗೂ ಪಾಠವಾಗಿ ಹೇಳುತ್ತಾರೆ. ನೀತಿ ಸಮಿತಿಯ (ಎಥಿಕ್ಸ್ ಕಮಿಟಿ, ಸಂಶೋಧನೆಯಿಂದ ಜನರಿಗೆ ತೊಂದರೆ ಆಗದಂತೆ ನೋಡಿಕೊಳ್ಳುವುದು) ಅರ್ಜಿ ತುಂಬುವಾಗ ಬೇಜಾರಾದರೆ ಇದನ್ನು ನೆನೆಸಿಕೊಳ್ಳಿ.

ಗುಟ್ಟು ಕಾಯುತ್ತೇನೆ ಅಂತ ಮಾತು ಕೊಡುವ ಮೊದಲೂ ಯೋಚಿಸಿ. ಉತ್ತರ ಐರ್ಲೆಂಡಿನ ಹಿಂಸೆಯಲ್ಲಿ ಭಾಗಿಯಾದವರ ಸಂದರ್ಶನಗಳನ್ನು ಅಮೆರಿಕದ ಬಾಸ್ಟನ್ ಕಾಲೇಜ್ ಸಂಗ್ರಹಿಸಿಟ್ಟಿತ್ತು. ನೀವು ಸಾಯುವವರೆಗೆ ಇದು ಹೊರಬರುವುದಿಲ್ಲ ಅಂತ ಅವರಿಗೆ ಹೇಳಿದ್ದರು. 2011ರಲ್ಲಿ ಉತ್ತರ ಐರ್ಲೆಂಡಿನ ಪೊಲೀಸರಿಗೆ ಆ ಟೇಪುಗಳು ಬೇಕು ಅಂತ ಕಾನೂನಿನ ನೋಟಿಸ್ ಬಂತು. ಕೊನೆಗೆ ಕೆಲವನ್ನು ಕೊಡಬೇಕಾಯಿತು. ಹಾಗಾಗಿ "ಯಾರಿಗೂ ಗೊತ್ತಾಗುವುದಿಲ್ಲ" ಅನ್ನಬೇಡಿ. ಹೆಸರು ಬದಲಾಯಿಸುತ್ತೇನೆ, ರೆಕಾರ್ಡಿಂಗ್ ಇಂಥ ಕಡೆ ಇಡುತ್ತೇನೆ, ಇಂಥ ದಿನ ಅಳಿಸುತ್ತೇನೆ ಅಂತ ನಿಮ್ಮ ಕೈಯಲ್ಲಿ ಇರುವುದನ್ನಷ್ಟೇ ಹೇಳಿ. ಚಿಕ್ಕ ಜಾಗದಲ್ಲಿ ಹೆಸರು ಬದಲಾಯಿಸಿದರೂ ಸಾಲದು. "ಅಲ್ಲಿನ ಒಬ್ಬಳೇ ನರ್ಸ್" ಅಂತ ಬರೆದರೆ ಯಾರು ಅಂತ ಎಲ್ಲರಿಗೂ ಗೊತ್ತು, ಅಲ್ವಾ?

ಸಂದರ್ಶನದಲ್ಲಿ ಕೇಳಬೇಕಾದ್ದನ್ನು ಪಟ್ಟಿ ಮಾಡಿಕೊಂಡು ಹೋಗಿ, ಆದರೆ ಪಟ್ಟಿ ನೋಡಿ ಓದಬೇಡಿ. "ನಿಮಗೆ ಸ್ವಾತಂತ್ರ್ಯ ಇದೆಯೇ?" ಅಂದರೆ ಇದೆ ಅನ್ನುತ್ತಾರೆ. "ಕಳೆದ ತಿಂಗಳು ಕಳಿಸಿದ ದುಡ್ಡಿನಲ್ಲಿ ಏನೇನು ತಂದರು?" ಅಂದರೆ ಕಥೆ ಬರುತ್ತದೆ. ರೆಕಾರ್ಡರ್ ಆಫ್ ಮಾಡಿ ಚೀಲಕ್ಕೆ ಹಾಕಿದ ಮೇಲೆ, ಬಾಗಿಲ ಹತ್ತಿರ ನಿಂತು ಹೇಳುವ ಮಾತು ಎಷ್ಟೋ ಸಲ ಇಡೀ ಗಂಟೆಯ ಮಾತಿಗಿಂತ ತೂಕದ್ದಾಗಿರುತ್ತದೆ. ಅದನ್ನು ಬಳಸಬಹುದೇ ಅಂತ ಅಲ್ಲೇ ಕೇಳಿ. ಒಂದು ಗಂಟೆಯ ರೆಕಾರ್ಡಿಂಗ್ ಕೇಳಿ ಬರೆಯಲು ನಾಲ್ಕು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಸಂದರ್ಶನಗಳನ್ನು ಗುಡ್ಡೆ ಹಾಕಿಕೊಳ್ಳದೆ ಒಂದು ಬರೆದ ಮೇಲೆ ಇನ್ನೊಂದಕ್ಕೆ ಹೋದರೆ ಪ್ರಶ್ನೆಗಳೂ ಸುಧಾರಿಸುತ್ತವೆ.

ರಾತ್ರಿ ಎರಡು ಪುಸ್ತಕದಲ್ಲಿ ಬರೆಯಿರಿ. ಒಂದರಲ್ಲಿ ನೋಡಿದ್ದು, ಕೇಳಿದ್ದು. ಇನ್ನೊಂದರಲ್ಲಿ ನಿಮ್ಮ ಸಿಟ್ಟು, ಒಂಟಿತನ, ಬೇಸರ. ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿಯ ಖಾಸಗಿ ಡೈರಿ ಅವರು ಸತ್ತ ಎಷ್ಟೋ ವರ್ಷದ ಮೇಲೆ, 1967ರಲ್ಲಿ, ಅಚ್ಚಾಯಿತು. ಯಾರ ಬಗ್ಗೆ ಅಷ್ಟು ಆಳವಾಗಿ ಬರೆದಿದ್ದರೋ ಅವರನ್ನೇ ಅದರಲ್ಲಿ ಕೆಟ್ಟದಾಗಿ ಬೈದುಕೊಂಡಿದ್ದಾರೆ. ಫೀಲ್ಡಿನಲ್ಲಿ ಕಿರಿಕಿರಿ ಆಗುವುದು ಸಹಜ. ಆದರೆ ಅದು ಎಲ್ಲಿ ನೋಟಕ್ಕೆ ಅಡ್ಡ ಬಂತು ಅಂತ ತಿಳಿಯಲು ಬೇರೆ ಬರೆದಿಡಬೇಕು.

5. ಚಾಪ್ಟರ್ ಬರೆಯುವುದು

ಇಲ್ಲಿಯವರೆಗೆ ಹೇಳಿದ ಹಾಗೆ ಮಾಡಿದ್ದರೆ ಖಾಲಿ ಪುಟದ ಎದುರು ಕೂರುವ ಪ್ರಸಂಗ ಬರುವುದಿಲ್ಲ. ತಕರಾರುಗಳಿವೆ, ಗೈಡಿಗೆ ಕಳಿಸಿದ ಪುಟಗಳಿವೆ, ಫೀಲ್ಡ್ ನೋಟ್ಸ್ ಇವೆ.

ಮುನ್ನುಡಿಯಿಂದ ಶುರು ಮಾಡಬೇಡಿ. ಥೀಸಿಸ್ ಏನು ಹೇಳುತ್ತದೆ ಅಂತ ಗೊತ್ತಾಗದೆ ಅದನ್ನು ಪರಿಚಯಿಸುವುದು ಹೇಗೆ? ನಿಮಗೆ ತುಂಬಾ ಹಿಡಿಸಿದ ಒಂದು ಪುರಾವೆ, ಒಂದು ಪತ್ರ, ಒಂದು ಸಂದರ್ಶನದ ತುಣುಕು, ಅದರಿಂದ ಶುರು ಮಾಡಿ. ಇದರಲ್ಲಿ ಏನಿದೆ, ಇದು ಯಾಕೆ ವಿಚಿತ್ರ, ಬೇರೆಯವರು ಹೇಳಿದ್ದಕ್ಕೆ ಇದು ಹೊಂದುತ್ತದೆಯೇ. ಇಷ್ಟು ಬರೆದರೆ ಮೂರು ಪುಟ ಆಗುತ್ತದೆ.

ದಿನಕ್ಕೆ ಒಂದೂವರೆ ಗಂಟೆ, ಒಂದೇ ಹೊತ್ತಿಗೆ, ಫೋನ್ ಬೇರೆ ಕೋಣೆಯಲ್ಲಿ. ಇಷ್ಟೇ. ರಜೆಯಲ್ಲಿ ಕೂತು ಒಂದೇ ಏಟಿಗೆ ಚಾಪ್ಟರ್ ಮುಗಿಸುತ್ತೇನೆ ಅನ್ನುವವರನ್ನು ನಂಬಬೇಡಿ, ಅದು ನೀವೇ ಆಗಿದ್ದರೂ. ದಿನಕ್ಕೆ 300 ಪದ ಬರೆದರೆ, ವಾರಕ್ಕೆ ಐದು ದಿನದಂತೆ, ವರ್ಷಕ್ಕೆ 70,000 ದಾಟುತ್ತದೆ. ಅದರಲ್ಲಿ ಅರ್ಧ ಎಸೆದರೂ ಕೈಯಲ್ಲಿ ಏನೋ ಉಳಿಯುತ್ತದೆ. ನಿಲ್ಲಿಸುವಾಗ ನಾಳೆ ಬರೆಯಬೇಕಾದ ಮೊದಲ ವಾಕ್ಯವನ್ನು ಅರ್ಧ ಬರೆದಿಟ್ಟು ಎದ್ದೇಳಿ.

ಡ್ರಾಫ್ಟ್ ಮುಗಿದ ಮೇಲೆ ಒಂದು ಪರೀಕ್ಷೆ. ಪ್ರತಿ ಪ್ಯಾರಾದ ಪಕ್ಕ ಅದು ಏನು ಹೇಳುತ್ತದೆ ಅಂತ ಒಂದು ಸಾಲು ಬರೆಯಿರಿ. ಆ ಸಾಲುಗಳನ್ನು ಮಾತ್ರ ಮೇಲಿಂದ ಕೆಳಗೆ ಓದಿ. ವಾದ ಎಲ್ಲಿ ಹಾರಿತು, ಎಲ್ಲಿ ಹೇಳಿದ್ದನ್ನೇ ಹೇಳಿದಿರಿ ಅನ್ನುವುದು ಕಣ್ಣಿಗೆ ಹೊಡೆಯುತ್ತದೆ. ಪಕ್ಕದ ಸಾಲು ಬರೆಯಲು ಆಗದ ಪ್ಯಾರಾವನ್ನು ತೆಗೆಯಿರಿ. ಅಳಿಸಲು ಮನಸ್ಸಾಗದಿದ್ದರೆ "ತೆಗೆದದ್ದು" ಅಂತ ಬೇರೆ ಫೈಲ್ ಮಾಡಿ ಹಾಕಿ. ಅದನ್ನು ಮತ್ತೆ ತೆರೆಯುವುದಿಲ್ಲ, ಆದರೆ ಸಮಾಧಾನ ಇರುತ್ತದೆ.

6. ಬ್ಯಾಕಪ್

1835ರಲ್ಲಿ ಲೇಖಕ ಥಾಮಸ್ ಕಾರ್ಲೈಲ್ ಫ್ರೆಂಚ್ ಕ್ರಾಂತಿಯ ಬಗ್ಗೆ ಬರೆದಿದ್ದ ಮೊದಲ ಸಂಪುಟದ ಒಂದೇ ಪ್ರತಿಯನ್ನು ಗೆಳೆಯ ಜಾನ್ ಸ್ಟುವರ್ಟ್ ಮಿಲ್‌ಗೆ ಓದಲು ಕೊಟ್ಟಿದ್ದ. ರದ್ದಿ ಅಂದುಕೊಂಡು ಮನೆಗೆಲಸದವಳು ಅದನ್ನು ಬೆಂಕಿಗೆ ಹಾಕಿಬಿಟ್ಟಳು. ಕಾರ್ಲೈಲ್ ಮೊದಲಿನಿಂದ ಮತ್ತೆ ಬರೆದ. ನಮಗೆ ಆ ತಾಳ್ಮೆ ಇಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು. ಸಂದರ್ಶನದ ರೆಕಾರ್ಡಿಂಗ್‌ಗಳಿಗೆ ಮಾತ್ರ ಪಾಸ್‌ವರ್ಡ್ ಬೇಕೇ ಬೇಕು.

7. ಪೇಪರ್, ಸೆಮಿನಾರ್

ಇನ್ಬಾಕ್ಸಿಗೆ ತಾನಾಗಿ ಬಂದು "ಮಾನ್ಯ ವಿದ್ವಾಂಸರೇ, ನಾಲ್ಕು ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ದುಡ್ಡು ಕಟ್ಟಿ" ಅನ್ನುವ ಜರ್ನಲ್‌ಗಳನ್ನು ಅಳಿಸಿ. ನೀವು ಓದಿ ತಕರಾರು ಬರೆದ ಲೇಖನಗಳು ಯಾವ ಜರ್ನಲ್‌ನಲ್ಲಿ ಬಂದಿವೆಯೋ ಅಲ್ಲಿಗೇ ಕಳಿಸಿ. ವಿಮರ್ಶಕರ ವರದಿ ಬಂದ ದಿನ ಓದಿ, ಬೈದುಕೊಂಡು, ಮುಚ್ಚಿಡಿ. ಮೂರು ದಿನ ಬಿಟ್ಟು ತೆರೆದರೆ ಅದರಲ್ಲಿ ಅರ್ಧ ಸರಿ ಅನ್ನಿಸುತ್ತದೆ. ಸೆಮಿನಾರ್‌ಗಳಿಗೆ ಸಿಕ್ಕಸಿಕ್ಕಲ್ಲಿ ಹೋಗಬೇಡಿ. ಬರೆಯುತ್ತಿರುವ ಚಾಪ್ಟರಿಗೆ ಉಪಯೋಗ ಆಗುವುದಾದರೆ ಹೋಗಿ. ಅಲ್ಲಿಯ ದಿನಾಂಕವೇ ನಿಮಗೆ ಡೆಡ್‌ಲೈನ್ ಆಗುತ್ತದೆ.

8. ಜನ, ದುಡ್ಡು, ಮನಸ್ಸು

ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದವರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು ಮೂವರಲ್ಲಿ ಒಬ್ಬರು ಮಾನಸಿಕ ಕಾಯಿಲೆಯ ಅಪಾಯದಲ್ಲಿದ್ದರು. ಕೆಲಸ ಮತ್ತು ಮನೆಯ ನಡುವಿನ ಎಳೆದಾಟ, ಕೆಲಸದ ಹೊರೆ, ಗೈಡ್ ನಡೆಸಿಕೊಳ್ಳುವ ರೀತಿ ಎಲ್ಲದಕ್ಕೂ ಅದರಲ್ಲಿ ಪಾಲಿತ್ತು. ಅಂದರೆ ನಿಮಗೆ ಕಷ್ಟ ಆಗುತ್ತಿದ್ದರೆ ಅದು ನಿಮ್ಮ ದೌರ್ಬಲ್ಯ ಅಲ್ಲ. ನಿದ್ದೆ ಕೆಟ್ಟು ವಾರಗಳಾದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಥೀಸಿಸ್ ಮುಗಿದ ಮೇಲೆ ನೋಡೋಣ ಅನ್ನದೆ ವೈದ್ಯರ ಹತ್ತಿರ ಹೋಗಿ.

ಇಬ್ಬರು ಮೂವರು ಸ್ಕಾಲರ್‌ಗಳು ಸೇರಿ ವಾರಕ್ಕೊಮ್ಮೆ ಒಂದೇ ಮೇಜಿನ ಸುತ್ತ ಕೂತು ಸುಮ್ನೆ ಬರೆಯಿರಿ. ಬೇರೆ ವಿಷಯದವರಾದರೆ ಇನ್ನೂ ಒಳ್ಳೆಯದು, ಹೋಲಿಕೆ ಇರುವುದಿಲ್ಲ. ದುಡ್ಡಿನ ವಿಷಯಕ್ಕೆ ಬಂದರೆ, ಫೆಲೋಶಿಪ್ ತಡವಾಗಿ ಬರುತ್ತದೆ ಅಂತಲೇ ಲೆಕ್ಕ ಹಾಕಿ. ಅದು ಮುಗಿಯುವ ತಿಂಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಥೀಸಿಸ್‌ನ ಪೂರ್ತಿ ಡ್ರಾಫ್ಟ್ ಅದಕ್ಕಿಂತ ಮೊದಲು ಬರುವಂತೆ ಹಿಂದಕ್ಕೆ ಎಣಿಸಿ. ಪಾಠ ಮಾಡುವ ಕೆಲಸ ಸಿಕ್ಕರೆ ಮಾಡಿ, ಆದರೆ ಬರೆಯುವ ಹೊತ್ತಿಗೆ ಕ್ಲಾಸ್ ಇಟ್ಟುಕೊಳ್ಳಬೇಡಿ.

9. ಸಲ್ಲಿಸುವುದು, ವೈವಾ

ಅಂಚು, ಅಕ್ಷರದ ಗಾತ್ರ, ಗ್ರಂಥಸೂಚಿಯ ಶೈಲಿ, ಘೋಷಣಾ ಪತ್ರ, ಸಹಿಗಳು, ಇವಕ್ಕೆ ಒಂದು ತಿಂಗಳು ಬೇಕು. ಸಹಿ ಹಾಕಬೇಕಾದವರು ಸರಿಯಾಗಿ ಆಗಲೇ ರಜೆಯಲ್ಲಿರುತ್ತಾರೆ, ಅದೇನು ಮಾಯವೋ.

ವೈವಾಕ್ಕೆ (ಪರೀಕ್ಷಕರ ಎದುರು ನಡೆಯುವ ಮೌಖಿಕ ಪರೀಕ್ಷೆ) ಮೊದಲು ಥೀಸಿಸ್ ಅನ್ನು ಪರೀಕ್ಷಕರ ಹಾಗೆ ಒಮ್ಮೆ ಓದಿ, ಪ್ರತಿ ಚಾಪ್ಟರಿಗೂ ಒಂದು ತಕರಾರು ಬರೆಯಿರಿ. ಬೇರೆಯವರ ಮೇಲೆ ಇಷ್ಟು ವರ್ಷ ಮಾಡಿದ್ದನ್ನೇ ಈಗ ನಿಮ್ಮ ಮೇಲೆ ಮಾಡಿಕೊಳ್ಳಿ. ಯಾಕೆ ಈ ಜಾಗ, ಯಾಕೆ ಈ ವರ್ಷಗಳು, ಯಾಕೆ ಇಷ್ಟೇ ಜನ ಅನ್ನುವ ಮೂರು ಪ್ರಶ್ನೆ ಬಂದೇ ಬರುತ್ತವೆ. ದುಡ್ಡು ಇರಲಿಲ್ಲ, ಸಮಯ ಇರಲಿಲ್ಲ ಅನ್ನುವುದೂ ಪ್ರಾಮಾಣಿಕ ಉತ್ತರವೇ, ಆದರೆ ಅದರಿಂದ ನಿಮ್ಮ ತೀರ್ಮಾನ ಎಷ್ಟು ದೂರ ಹೋಗಬಹುದು, ಎಲ್ಲಿ ನಿಲ್ಲಬೇಕು ಅನ್ನುವುದನ್ನೂ ಜೊತೆಗೆ ಹೇಳಿ. ಗೊತ್ತಿಲ್ಲದ ಪುಸ್ತಕದ ಹೆಸರು ಹೇಳಿದರೆ ಓದಿದವರ ಹಾಗೆ ತಲೆಯಾಡಿಸಬೇಡಿ. ಓದಿಲ್ಲ, ಅದರಲ್ಲಿ ಯಾವ ಅಂಶ ಇದಕ್ಕೆ ಸಂಬಂಧಿಸುತ್ತದೆ ಅಂತ ಕೇಳಿ. ಆಗ ಅವರೇ ಮಾತಾಡುತ್ತಾರೆ.

ತಿದ್ದುಪಡಿ ಹೇಳಿದರೆ ಗಾಬರಿ ಬೇಡ, ಅದು ಮಾಮೂಲು. ಏನು ತಿದ್ದಬೇಕು ಅನ್ನುವುದನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಪಡೆಯಿರಿ. ಎರಡು ಕಾಲಂನ ಒಂದು ಟೇಬಲ್ ಮಾಡಿ, ಎಡಕ್ಕೆ ಅವರು ಹೇಳಿದ್ದು, ಬಲಕ್ಕೆ ನೀವು ಮಾಡಿದ್ದು ಮತ್ತು ಪುಟದ ನಂಬರ್. ತಿದ್ದಿದ ಪ್ರತಿಯ ಮೇಲೆ ಅದನ್ನಿಟ್ಟು ಕೊಡಿ. ಪರೀಕ್ಷಕರು ಇಡೀ ಥೀಸಿಸ್ ಎರಡನೇ ಸಲ ಓದುವುದು ಕಡಿಮೆ, ಆ ಟೇಬಲ್ಲನ್ನು ಮಾತ್ರ ಸಾಲು ಬಿಡದೆ ನೋಡುತ್ತಾರೆ.